ಅರವತ್ತು ವೋಲ್ಟ್

ತಂಗಿ ಅಂಬಿಕಾಳ ಎಲೆಕ್ಟ್ರಿಕ್ ಸೈಕಲ್ಲನ್ನು ತಳ್ಳಿಕೊಂಡು ಬಂದ ವಾಮದೇವ ಅದನ್ನು ಇಲಿಯಾಸನ ರಿಪೇರಿ ಅಂಗಡಿಯೆದುರು ಧಡಾರನೆ ನಿಲ್ಲಿಸಿದ. ಹಿಂದಿನ ಚಕ್ರದ ಮೋಟಾರು ಇನ್ನೂ ಮುಟ್ಟಲಾರದಷ್ಟು ಕಾದಿತ್ತು. ಜೊತೆಗೇ ಬಂದಿದ್ದ ಅಂಬಿಕಾ ಪಕ್ಕದಲ್ಲಿ ನಿಂತಳು.

“ಮೂವತ್ತಾರು ವೋಲ್ಟ್ ಮೋಟಾರಿಗೆ ಅರವತ್ತರ ಬ್ಯಾಟರಿ ಹಾಕಿದೀಯಲ್ಲ, ತಲೆ ನೆಟ್ಟಗಿದೆಯೇನೋ ನಿಂಗೆ? ಇಪ್ಪತ್ತೈದರಲ್ಲಿ ಹೋಗ್ತಿದ್ದ ಗಾಡಿ ನಲವತ್ತರಲ್ಲಿ ಓಡ್ತಾ ಇದೆ. ನನ್ನ ತಂಗಿ ಬಿದ್ದು ಸತ್ತಿದ್ರೆ?”

“ಬೇಡ ಅಂತ ನಾನೂ ಹೇಳ್ದೆ ಸಾರ್. ಮೋಟಾರು ಸುಟ್ಟೋಗುತ್ತೆ, ಬ್ರೇಕೂ ಸಾಲಲ್ಲ ಅಂದೆ.”

“ಮತ್ಯಾಕೆ ಹಾಕ್ದೆ? ಯಾವನು ಹೇಳಿದ್ದು? ಅವನ ಹೆಸರು ಹೇಳು, ಕೈಕಾಲು ಮುರೀತೀನಿ!”

ವಾಮದೇವ ಇಲಿಯಾಸನ ಕಾಲರಿಗೇ ಕೈ ಹಾಕಿದ. ಇಲಿಯಾಸ್ ಬಿಡಿಸಿಕೊಳ್ಳಲು ಕೊಸರಾಡಿದ.

“ಬಿಡು ಅವ್ರನ್ನ. ಹಾಕ್ಸಿದ್ದು ನಾನೇ,” ಎಂದಳು ಅಂಬಿಕಾ.

ಅವನ ಸಿಟ್ಟು ಈಗ ಅವಳ ಕಡೆಗೆ ತಿರುಗಿತು.

“ನೀನಾ? ನೀನು ಕೆಲಸ ಮಾಡೋ ಫ್ಯಾಕ್ಟರಿ ಇಲ್ಲೇ ಮೂರು ಕಿಲೋಮೀಟರು. ಹಂಗೆ ಸಾಯೋ ಥರ ಓಡಿಸ್ಕೊಂಡು ಹೋಗೋ ಅಂಥದ್ದೇನಿತ್ತೇ?”

ಅಂಬಿಕಾ ಅವನ ಮುಖವನ್ನೇ ನೋಡಿ ಹೇಳಿದಳು:

“ಎರಡು ವರ್ಷದಿಂದ ದಿನಾ ಕದ್ದುಮುಚ್ಚಿ ನನ್ನ ಹಿಂದೆ ಬರ್ತಿದೀಯಲ್ಲ ಅಣ್ಣ, ನಿನ್ನ ಸೈಕಲ್ಲಿಗೆ ಸಿಗಬಾರ್ದು ಅಂತ.”