ಜಾರದ ಅಧ್ಯಕ್ಷರು

ಸಂಜೆ ತರಗತಿಯಲ್ಲಿ ಅಷ್ಟಿಷ್ಟು ಕಲಿತವರು ಊರಿನ ದೊಡ್ಡವರ ಬಗ್ಗೆ ಬರೆಯಬಾರದೇನೋ. ಬರೆಯುತ್ತಿದ್ದೇನೆ, ಕ್ಷಮಿಸಿ. ಎಲ್ಲಾದರೂ ತಪ್ಪಿದ್ದರೆ ಅದು ನನ್ನ ದಡ್ಡತನ. ಅವರ ದೊಡ್ಡತನಕ್ಕೆ ಕುಂದಿಲ್ಲ.

ಕುರುಗೋಡಿನ ಸೇವಾ ಸಂಘದ ಕಚೇರಿಯಲ್ಲಿ ಅಧ್ಯಕ್ಷ ದೊಡ್ಡಬಸವರಾಜರು ಮೊಬೈಲಿನಲ್ಲಿ ಸಂಘದ ಹೊಸ ವೆಬ್‌ಸೈಟ್ ತೆರೆದು, ಬೆರಳಿನಿಂದ ಮೇಲಕ್ಕೆ ಸರಿಸಿದರು. ಅವರ ಫೋಟೊ ಮೊದಲು ಹಣೆ, ಆಮೇಲೆ ಮೀಸೆ, ಕೊನೆಗೆ ಶಾಲು ಎಂದು ಮೇಲೇರಿ ಮಾಯವಾಯಿತು.

"ಏ ಹುಡುಗಿ, ನಾ ಎಲ್ಲಿ ಹೋದೆ?"

ಸೈಟು ಮಾಡಿದ ಜ್ಯೋತಿಲಕ್ಷ್ಮಿ ಎದುರಿಗೇ ನಿಂತಿದ್ದಳು. ಹಗಲು ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಗುಂಡಿ ಹಾಕುವ ಕೆಲಸ, ಸಂಜೆ ಕೌಲ್ ಬಜಾರಿನಲ್ಲಿ ವೆಬ್ ಡಿಸೈನ್ ತರಗತಿ. ಇದು ಅವಳ ಮೊದಲ ಸೈಟು.

"ಕೆಳಗಿಂದು ಓದಾಕ ಸರಿಸಿದ್ರ ಮ್ಯಾಲಿಂದು ಹೋಗತೈತ್ರಿ ಸರ್."

"ಉಳಿದೋರು ಹೋಗ್ಲಿ. ಅಧ್ಯಕ್ಷರು ಹೆಂಗ ಹೋಗ್ತಾರ?" ಎಂದರು ಕಾರ್ಯದರ್ಶಿ ಮರಿಬಸಪ್ಪ. "ಒಂದು ಬೆರಳಿಲೆ ದಬ್ಬಿದ್ರ ಹೋಗೋ ಆಸಾಮಿನಾ ಇವರು?"

ಎಷ್ಟು ಸರಿಸಿದರೂ ಜಾಗ ಬಿಡದಂತೆ ಫೋಟೊ ಕಟ್ಟಿಹಾಕುವುದನ್ನು ಅವಳು ಹಿಂದಿನ ವಾರವಷ್ಟೇ ಕಲಿತಿದ್ದಳು. ಲ್ಯಾಪ್‌ಟಾಪ್ ತೆರೆದು 'ಪೊಸಿಷನ್ ಫಿಕ್ಸ್‌ಡ್' ಎಂಬ ಸಾಲು ಸೇರಿಸಿದಳು. ಅಧ್ಯಕ್ಷರು ಮತ್ತೆ ಸರಿಸಿದರು. ಪುಟವೆಲ್ಲ ಓಡಿತು, ಅವರು ಕದಲಲಿಲ್ಲ.

"ಸಂಘದಾಗೂ ಹಿಂಗ ಅಲ್ಲೇನ್ರಿ? ಯಾವ ಎಲೆಕ್ಷನ್ ಬಂದ್ರೂ ಜಗ್ಗಿಲ್ಲ!" ಮರಿಬಸಪ್ಪ ಚಪ್ಪಾಳೆ ತಟ್ಟಿದರು.

ಜ್ಯೋತಿಲಕ್ಷ್ಮಿ ಮಾತ್ರ ಪರದೆಯ ಹತ್ತಿರ ಬಗ್ಗಿ ನೋಡಿದಳು. ಕಟ್ಟಿಹಾಕಿದ ಫೋಟೊ ಪುಟದ ಸಾಲಿನಿಂದ ಹೊರಬಂದು ಎಲ್ಲದರ ಮೇಲೆ ಕೂತಿತ್ತು. ಅದರ ಕೆಳಗಿದ್ದದ್ದು ಮೇಲೆ ಸರಿದು ಅದರ ಹಿಂದೆ ಅಡಗಿತ್ತು. ಕೆಳಗಿದ್ದದ್ದು ಸಂಘದ ಹೆಣ್ಣುಮಕ್ಕಳ ಹಾಸ್ಟೆಲಿಗೆ ಅರ್ಜಿ ಹಾಕುವ ಕೊನೆಯ ದಿನಾಂಕ ಮತ್ತು ಫೋನ್ ನಂಬರು. ಸಿರುಗುಪ್ಪದ ಕಡೆಯ ತನ್ನೂರು ಹಚ್ಚೊಳ್ಳಿಯಲ್ಲಿ ಹಿಂದೊಮ್ಮೆ ಆ ದಿನಾಂಕ ತಡವಾಗಿ ತಿಳಿದು ಅವಳ ಕಾಲೇಜು ತಪ್ಪಿತ್ತು. ಈ ಸೈಟು ಮಾಡಲು ಒಪ್ಪಿದ್ದೇ ಅದಕ್ಕೆ.

"ಸರ್, ತಾರೀಕು ನಿಮ್ಮ ಹಿಂದ ಸಿಕ್ಕೊಂಡೈತಿ. ಮ್ಯಾಲೆ ಒಂದೀಟು ಜಾಗ ಬಿಟ್ಟು ಕೆಳಗ ಇಳಸ್ತೀನ್ರಿ. ಎರಡೇ ನಿಮಿಷ."

"ಮುಟ್ಟಬ್ಯಾಡ. ಮತ್ತ ನಾ ಜಾರಿ ಹೋದ್ರ? ಹೊರಗ ಉದ್ಘಾಟನಿಗೆ ಮಂದಿ ಕಾಯಾಕತ್ಯಾರ."

"ಹುಡುಗ್ಯಾರಿಗೆ ತಾರೀಕು ಕಾಣಂಗಿಲ್ರಿ."

"ನಾ ಕಾಣ್ತೀನಲ್ಲ? ಬೇಕಾದಾಕಿ ಬಂದು ಕೇಳ್ತಾಳ."

"ಇನ್ಮ್ಯಾಲೆ ಇದು ಸಂಘದ್ದು, ನೋಡವ್ವ" ಎಂದು ಮರಿಬಸಪ್ಪ ಅಲ್ಲೇ ಪಾಸ್‌ವರ್ಡ್ ಬದಲಾಯಿಸಿ, ಲ್ಯಾಪ್‌ಟಾಪ್ ಮುಚ್ಚಿದರು.

ಉದ್ಘಾಟನೆಯಾಯಿತು. ಹೆಣ್ಣುಮಕ್ಕಳ ವಿದ್ಯೆಗೆ ಸಂಘ ಮಾಡಿದ ಸೇವೆಯ ಬಗ್ಗೆ ಅಧ್ಯಕ್ಷರು ಬಹಳ ಹೊತ್ತು ಮಾತಾಡಿದರು. ಸೈಟು ಮಾಡಿದವಳಿಗೆ ಕುರ್ಚಿ ಸಿಗಲಿಲ್ಲ. ಬಾಗಿಲಲ್ಲಿ ನಿಂತು ಕೇಳಿದಳು.

ಆಮೇಲೆ ಸಿರುಗುಪ್ಪದ ಕಡೆಯ ಎಷ್ಟು ಹುಡುಗಿಯರು ಆ ಪುಟ ತೆರೆದು, ದಿನಾಂಕಕ್ಕಾಗಿ ಅಧ್ಯಕ್ಷರ ಮುಖವನ್ನು ಬೆರಳಿನಿಂದ ಒತ್ತಿ ಒತ್ತಿ ಸರಿಸಲು ನೋಡಿದರೋ, ನನಗೆ ಗೊತ್ತಿಲ್ಲ.