ಸ್ವಂತ ಮಗಳಂತೆ

ಬ್ಲಾಗಿನಲ್ಲಿ ಬರೆದದ್ದೆಲ್ಲ ಬೆಳಗಾಗುವುದರೊಳಗೆ ನಿಜವಾಗತೊಡಗಿದ ಮೇಲೂ ವಿಶ್ವವಿದ್ಯಾಲಯ ತನ್ನ ನಿಯಮ ಬಿಡಲಿಲ್ಲ: ಸಂಶೋಧನಾ ವಿದ್ಯಾರ್ಥಿಗಳು ವಾರಕ್ಕೊಮ್ಮೆ ಆ ಬ್ಲಾಗಿನಲ್ಲಿ ತಮ್ಮ ಅನುಭವ ಬರೆಯಲೇಬೇಕು. ಶಾಂಭವಿ ಜಾಣೆ. ಹಾಸ್ಟೆಲ್ಲಿನ ಸಾರು, ಗ್ರಂಥಾಲಯದ ಫ್ಯಾನು ಎಲ್ಲವನ್ನೂ ಹೊಗಳಿ ಹೊಗಳಿಯೇ ಸರಿಮಾಡಿಸಿದ್ದಳು. ಈ ಸಲ, ಮೂರು ವರ್ಷದಿಂದ ಅವಳ ಮೊದಲ ಅಧ್ಯಾಯವನ್ನು ಮುಟ್ಟಿಯೂ ನೋಡದ ಗೈಡ್ ಹೊಂಬಾಳಿ ಸರ್ ಬಗ್ಗೆ, ಎಲ್ಲರೂ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಬರೆಯುವಂತೆ, 'ಸ್ವಂತ ಮಗಳಂತೆ ಕಾಣುತ್ತಾರೆ' ಎಂದು ಬರೆದಳು.

ಬೆಳಿಗ್ಗೆ ಸರ್ ಹಾಸ್ಟೆಲ್ ಬಾಗಿಲಲ್ಲಿ ಹಾಜರ್. ಕೈಯಲ್ಲಿ ಬುತ್ತಿ, ಕಂಕುಳಲ್ಲಿ ಅವಳ ಅಧ್ಯಾಯ. ಶಾಂಭವಿಗೆ ಕಣ್ತುಂಬಿ ಬಂತು.

"ಓದಿದ್ರೇನ್ರಿ ಸರ್?"

"ಅದಿರ್ಲಿ ಬಿಡವ್ವಾ," ಎಂದು ಸರ್ ಅಧ್ಯಾಯದೊಳಗಿಂದ ಒಂದು ಫೋಟೊ ಎಳೆದರು. "ನೀ ಓದಿದ್ದು ಸಾಕು. ಹುಡುಗ ಬಾಗಲಕೋಟಿಯಾಂವ, ಛಲೋ ಮನೆತನ. ಐತವಾರ ನೋಡಾಕ ಬರ್ತಾರ."