ಮತ್ತೆ ಮತ್ತೆ ಮಲ್ಲಿಗೆ

"ಏನ್ ಮಾಡಿಟ್ಟಿದ್ದೀಯ ಶಾಲ್ಮಲಿ? ಬೆಳಗ್ಗೆಯಿಂದ ಗಂಟೆಗೊಂದು ಸಲ ಒಂದೇ ಮನೆಗೆ ಮಲ್ಲಿಗೆ ಹೋಗ್ತಾ ಇದೆ! ಜೊತೆಗೆ ‘ತಪ್ಪಾಯ್ತು, ಮನೆಗೆ ಬಾ’ ಅನ್ನೋ ಅದೇ ಚೀಟಿ!" ಮ್ಯಾನೇಜರ್ ಕೂಗಿದರು.

ಹೂ ತಲುಪಿಸುವ ಆ್ಯಪ್‌ಗೆ ಕೋಡ್ ಬರೆದಿದ್ದ ಶಾಲ್ಮಲಿ ಗಾಬರಿಯಿಂದ ಪರದೆ ನೋಡಿದಳು. ಬಂದ ಆರ್ಡರ್‌ಗಳು ಕಾಯುವ ಸರದಿಯಿಂದ (ಕ್ಯೂ) ಒಂದನ್ನು ಎತ್ತಿಕೊಂಡ ಪ್ರೋಗ್ರಾಂ, ಕೆಲಸವಾದ ಮೇಲೆ ‘ಮುಗಿಯಿತು’ ಎಂದು ಸರದಿಗೆ ತಿಳಿಸಬೇಕು. ತಿಳಿಸದಿದ್ದರೆ ಸರದಿ ಅದೇ ಆರ್ಡರನ್ನು ಮತ್ತೆ ಕೈಗಿಡುತ್ತದೆ. ಚೀಟಿ ಇರುವ ಆರ್ಡರ್‌ಗಳಿಗೆ ಆ ಒಂದು ಸಾಲು ಬರೆಯುವುದನ್ನೇ ಅವಳು ಮರೆತಿದ್ದಳು. ಇವತ್ತು ಬಂದಿದ್ದ ಅಂಥ ಆರ್ಡರ್ ಇದೊಂದೇ.

"ಸರಿ ಮಾಡಿದೆ ಸರ್" ಎನ್ನುವಷ್ಟರಲ್ಲಿ ಫೋನ್ ಬಂತು. ಹೂ ಕಳಿಸಿದ ಗಿರಾಕಿಯೇ.

"ನೀನೇ ಬೈಸಿಕೋ" ಎಂದು ಮ್ಯಾನೇಜರ್ ಫೋನನ್ನು ಅವಳ ಕೈಗೆ ತುರುಕಿದರು.

"ಸಾರಿ ಸರ್, ನಮ್ಮ ಕೋಡಲ್ಲಿ ತಪ್ಪಾಗಿತ್ತು. ಈಗ ನಿಲ್ಲಿಸಿದ್ದೀವಿ. ಇನ್ನು ಒಂದು ಮೊಳಾನೂ ಹೋಗಲ್ಲ."

"ನಿಲ್ಲಿಸಿಬಿಟ್ರಾ?" ಆತ ಹೌಹಾರಿದ. "ಅಯ್ಯೋ, ತವರಿಗೆ ಹೋದೋಳು ಈಗಷ್ಟೇ ನನ್ ಫೋನ್ ಎತ್ತಿ ‘ಹೂಂ’ ಅಂದಿದ್ದಾಳೆ. ‘ಬರ್ತೀನಿ’ ಅನ್ನೋವರೆಗಾದ್ರೂ ಆ ತಪ್ಪು ಹಾಗೇ ಇರ್ಲಿ ಮೇಡಂ!"